ಇಟಾರನ ಎರಡು ವರದಿಗಳಲ್ಲಿ ಆಕೃತಿಬೋಧನೆ

೧

ಎಳೆಯ ಮಕ್ಕಳಿಗೆ ದುಂಡು, ಚೌಕ, ತ್ರಿಕೋಣಗಳನ್ನು ಗುರುತಿಸಲು ಕಲಿಸುವುದು ಬೋಧನಕಾರ್ಯಗಳಲ್ಲೆಲ್ಲ ಅತಿ ಸುಲಭವಾದುದೆಂಬುದು ಸಾಮಾನ್ಯವಾದ ಎಣಿಕೆ. ಬಹುಮಂದಿ ಮಕ್ಕಳು ಯಾರೂ ಕಲಿಸದೆಯೇ, ರೊಟ್ಟಿ, ತಟ್ಟೆ, ಹಲಗೆ, ಕಿಟಕಿಗಳ ನಡುವೆ ಬೆಳೆಯುತ್ತ ಇದನ್ನು ಕಲಿತುಕೊಳ್ಳುವುದೇ ಈ ಎಣಿಕೆಗೆ ಕಾರಣ. ತಾನಾಗಿ ಕಲಿಯಲಾರದ ಮಗುವೊಂದು ಎದುರಿಗೆ ಬಂದಾಗಲೇ ಈ ಅಲ್ಪಕಾರ್ಯದೊಳಗೆ ಎಷ್ಟು ಮೆಟ್ಟಿಲುಗಳು ಅಡಗಿವೆ ಎಂಬುದು ಬಯಲಾಗುವುದು.

ಇಂತಹ ಮಕ್ಕಳಿಗೆ ವರ್ತನಚಿಕಿತ್ಸೆಯವರು ಆಕೃತಿಗಳನ್ನು ಕಲಿಸುವ ಕ್ರಮವು ಈಗ ಪ್ರಸಿದ್ಧವಾಗಿದೆ. ಮಗುವಿನ ಮುಂದೆ ಎರಡು ಮೂರು ಆಕೃತಿಗಳನ್ನು ಇಡುವುದು. ಚಿಕ್ಕ ಮಾತಿನಲ್ಲಿ ಒಂದನ್ನು ಕೇಳುವುದು. ಸರಿಯಾದುದನ್ನು ಮುಟ್ಟಿದರೆ ಕೂಡಲೆ ಮೆಚ್ಚುಗೆಯನ್ನೋ ತಿನಿಸನ್ನೋ ಕೊಡುವುದು. ತಪ್ಪಿದರೆ ಕೈಹಿಡಿದು ತೋರಿಸುವುದು. ಆ ಸಹಾಯವನ್ನು ಮೆಲ್ಲಮೆಲ್ಲನೆ ಕಡಮೆ ಮಾಡುವುದು. ಪ್ರತಿಯೊಂದು ಉತ್ತರವನ್ನೂ ಬರೆದಿಡುವುದು. ಇಷ್ಟು ಅದರ ಸ್ಥೂಲರೂಪ. ಈ ಕ್ರಮವು ಶಾಸ್ತ್ರವೆನಿಸಿಕೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಆದರೆ ಅದರ ಮುಖ್ಯವಾದ ಪ್ರಶ್ನೆಗಳನ್ನು ಅದಕ್ಕೆ ನೂರೈವತ್ತು ವರ್ಷಗಳ ಹಿಂದೆಯೇ ಫ್ರಾನ್ಸಿನ ವೈದ್ಯನಾದ ಜಾನ್ ಮಾರ್ಕ್ ಗಾಸ್ಪಾರ್ ಇಟಾರನು (೧೭೭೪–೧೮೩೮) ತನ್ನ ಎರಡು ವರದಿಗಳಲ್ಲಿ ಎದುರಿಸಿದ್ದಾನೆ. ಮೊದಲನೆಯದು ೧೮೦೧ರಲ್ಲಿ ಪ್ರಕಟವಾಯಿತು; ಎರಡನೆಯದು ೧೮೦೬ರಲ್ಲಿ ಬರೆದದ್ದು, ಮರುವರ್ಷ ಅಚ್ಚಾಯಿತು.

ಈ ವರದಿಗಳನ್ನು ವೈದ್ಯದ ದಾಖಲೆಗಳೆಂದು ಓದಬಹುದು, ಶಿಕ್ಷಣಶಾಸ್ತ್ರದ ಮೂಲಗ್ರಂಥಗಳೆಂದೂ ಓದಬಹುದು. ಇಲ್ಲಿ ಅವನ್ನು ಗದ್ಯಕೃತಿಗಳೆಂದು ಪರಿಶೀಲಿಸುವುದು ಉದ್ದೇಶ. ಕಲಿಸುವವನು ತಾನು ಕಲಿಸಿದುದನ್ನು ಬರೆಯುವಾಗ ‘ಬಾಲಕನು ಗುರುತಿಸಿದನು’ ಎಂಬ ಒಂದು ವಾಕ್ಯವನ್ನು ಯಾವ ಆಧಾರದಿಂದ ಬರೆಯುತ್ತಾನೆ? ಆ ಕ್ರಿಯಾಪದಕ್ಕೆ ಎಷ್ಟು ಅರ್ಥವನ್ನು ತುಂಬಲು ಅವನಿಗೆ ಅಧಿಕಾರವಿದೆ? ಇಟಾರನ ವರದಿಗಳ ಗುಣದೋಷಗಳೆರಡೂ ಈ ಒಂದು ಪ್ರಶ್ನೆಯನ್ನು ಅವನು ಎಲ್ಲಿ ಕೇಳಿಕೊಂಡನು, ಎಲ್ಲಿ ಕೇಳಿಕೊಳ್ಳಲಿಲ್ಲ ಎಂಬುದನ್ನು ಅವಲಂಬಿಸಿವೆ.

೨

ಕಥಾವಸ್ತು ಸರ್ವವಿದಿತವಾದುದು, ಸಂಗ್ರಹವಾಗಿ ಹೇಳಿದರೆ ಸಾಕು. ದಕ್ಷಿಣ ಫ್ರಾನ್ಸಿನ ಕಾಡುಗಳಲ್ಲಿ ಬತ್ತಲೆಯಾಗಿ ಅಲೆಯುತ್ತಿದ್ದ ಹುಡುಗನೊಬ್ಬನು ೧೮೦೦ರ ಜನವರಿಯಲ್ಲಿ ಅವೇರೋನ್ ಪ್ರಾಂತದ ಸಾಂ ಸೆರ್ನಾಂ ಎಂಬ ಊರಿನಲ್ಲಿ ಸಿಕ್ಕಿಬಿದ್ದನು. ವಯಸ್ಸು ಹನ್ನೊಂದು ಹನ್ನೆರಡಿರಬಹುದೆಂದು ಊಹಿಸಿದರು. ಮಾತಿಲ್ಲ, ಮನುಷ್ಯರ ಸಹವಾಸದಲ್ಲಿ ಅಕ್ಕರೆಯಿಲ್ಲ. ಅದೇ ವರ್ಷ ಅವನನ್ನು ಪ್ಯಾರಿಸಿನ ಕಿವುಡಮೂಗರ ವಿದ್ಯಾಲಯಕ್ಕೆ ಕರೆತಂದರು. ಆ ಕಾಲದ ಪ್ರಖ್ಯಾತ ವೈದ್ಯನಾದ ಪಿನೆಲನು ಪರೀಕ್ಷಿಸಿ, ಇವನು ಹುಟ್ಟಿನಿಂದಲೇ ಬುದ್ಧಿಹೀನನು, ಕಲಿಸಿ ಪ್ರಯೋಜನವಿಲ್ಲ ಎಂಬ ಅಭಿಪ್ರಾಯಕ್ಕೆ ಬಂದನು. ಇಪ್ಪತ್ತಾರು ವರ್ಷದ ಇಟಾರನು ಒಪ್ಪಲಿಲ್ಲ. ಹುಡುಗನ ಕೊರತೆಗೆ ಜನ್ಮವಲ್ಲ, ಸಮಾಜವಿಲ್ಲದೆ ಬೆಳೆದುದೇ ಕಾರಣವೆಂದು ಅವನ ವಾದ. ಜ್ಞಾನವೆಲ್ಲವೂ ಇಂದ್ರಿಯಗಳ ಮೂಲಕವೇ ಒಳಹೊಗುವುದೆಂದು ಸಾಧಿಸಿದ ಕೊಂದಿಯಾಕನ ತತ್ತ್ವವು ಆ ವಾದಕ್ಕೆ ಬೆನ್ನೆಲುಬಾಗಿತ್ತು. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು, ಗೆರಾನ್ ಎಂಬ ಗೃಹಿಣಿಯ ಆರೈಕೆಯಲ್ಲಿ ಇರಿಸಿ, ಇಟಾರನು ಸುಮಾರು ಐದು ವರ್ಷ ಕಲಿಸಿದನು. ವಿಕ್ಟರನಿಗೆ ಮಾತು ಬರಲಿಲ್ಲ. ಅವನು ೧೮೨೮ರಲ್ಲಿ, ಅದೇ ಗೆರಾನಳ ಆಶ್ರಯದಲ್ಲಿ, ತೀರಿಕೊಂಡನು.

ಪಿನೆಲನು ಹೇಳಿದ್ದು ಸರಿಯೋ ಇಟಾರನು ಹೇಳಿದ್ದು ಸರಿಯೋ, ಹುಡುಗನಲ್ಲಿ ಈಗ ಆಟಿಸಂ ಎಂದು ಕರೆಯುವ ಸ್ಥಿತಿಯಿದ್ದಿತೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಪ್ರಸ್ತುತ ವಿಷಯಕ್ಕೆ ಅದರ ನಿರ್ಣಯ ಅವಶ್ಯವಲ್ಲ. ಗಮನಿಸತಕ್ಕ ಸಂಗತಿ ಬೇರೆ. ಮೊದಲನೆಯ ವರದಿಯನ್ನು ಇಟಾರನು ಬರೆದದ್ದು ಒಂದು ವಿವಾದದ ನಡುವೆ ನಿಂತು, ಅವನಿಗೆ ಗೆಲ್ಲಬೇಕಾಗಿತ್ತು. ಗೆಲ್ಲಬೇಕಾದವನು ಪ್ರತಿಯೊಂದು ಸರಿಯುತ್ತರವನ್ನೂ ತನ್ನ ಪಕ್ಷದ ಸಾಕ್ಷಿಯೆಂದು ಎಣಿಸಿಕೊಳ್ಳುವುದು ಸಹಜ. ಹಾಗಿದ್ದೂ ಆಕೃತಿಗಳ ಪ್ರಕರಣದಲ್ಲಿ ಇಟಾರನು ತನ್ನ ಸಾಕ್ಷಿಗಳನ್ನು ತಾನೇ ಪಾಟೀಸವಾಲಿಗೆ ಗುರಿಮಾಡುತ್ತಾನೆ. ಈ ವರದಿಯ ಹಿರಿಮೆ ಅಲ್ಲಿದೆ.

೩

ಆಕೃತಿಬೋಧನೆಯು ಬರುವುದು ಮೊದಲನೆಯ ವರದಿಯ ಐದನೆಯ ಹಾಗೂ ಕೊನೆಯ ಭಾಗದಲ್ಲಿ. ಅದಕ್ಕೆ ಮುಂಚೆ ಇಟಾರನು ಕರಿಹಲಗೆಯ ಮೇಲೆ ಬೀಗದಕೈ, ಕತ್ತರಿ, ಸುತ್ತಿಗೆ ಮೊದಲಾದ ವಸ್ತುಗಳ ರೇಖಾಚಿತ್ರಗಳನ್ನು ಬರೆದು, ಆಯಾ ವಸ್ತುವನ್ನು ಆಯಾ ಚಿತ್ರದ ಮೇಲೆ ತೂಗಹಾಕುವ ಅಭ್ಯಾಸವನ್ನು ಮಾಡಿಸಿದನು. ಹುಡುಗನು ಬೇಗನೆ ತಪ್ಪಿಲ್ಲದೆ ಮಾಡತೊಡಗಿದನು. ಸಾಮಾನ್ಯನಾದ ಉಪಾಧ್ಯಾಯನು ಇಲ್ಲಿಗೆ ತೃಪ್ತನಾಗಿ, ಬಾಲಕನು ಚಿತ್ರವನ್ನು ಗುರುತಿಸಿದನು ಎಂದು ಬರೆದುಬಿಡುತ್ತಿದ್ದನು. ಇಟಾರನು ಚಿತ್ರಗಳ ಸ್ಥಾನವನ್ನು ಬದಲಾಯಿಸಿದನು. ಹುಡುಗನು ಚಿತ್ರಗಳನ್ನು ನೋಡಲೇ ಇಲ್ಲ. ಮೊದಲಿನ ಅನುಕ್ರಮದಂತೆಯೇ ವಸ್ತುಗಳನ್ನು ತೂಗಹಾಕಿದನು. ಅವನು ಕಲಿತದ್ದು ಸ್ಥಾನವನ್ನು, ಚಿತ್ರವನ್ನಲ್ಲ. ಹೊಸ ಅನುಕ್ರಮವನ್ನು ಮಾಡಿದರೆ ಅದನ್ನೂ ನೆನಪಿಟ್ಟುಕೊಂಡನು. ಆಗ ಇಟಾರನು ವಸ್ತುಗಳ ಸಂಖ್ಯೆಯನ್ನು ಹೆಚ್ಚಿಸಿ, ಸ್ಥಾನಗಳನ್ನು ಮತ್ತೆ ಮತ್ತೆ ಬದಲಿಸಿ, ನೆನಪು ಸೋಲುವಂತೆ ಮಾಡಿದನು. ನೆನಪು ಸೋತ ಮೇಲೆ ಹುಡುಗನು ಚಿತ್ರವನ್ನೂ ವಸ್ತುವನ್ನೂ ಹೋಲಿಸಿ ನೋಡತೊಡಗಿದನು.

ಇದರ ಮುಂದಿನ ಹೆಜ್ಜೆ ಶುದ್ಧಾಕೃತಿಗಳದು. ಒಂದು ಹಲಗೆಯ ಮೇಲೆ ಮೂರು ಕಾಗದಗಳು: ಕೆಂಪಾದ ದುಂಡು, ನೀಲಿಯಾದ ತ್ರಿಕೋಣ, ಕಪ್ಪಾದ ಚೌಕ. ಅವಕ್ಕೆ ಸರಿಹೊಂದುವ ಬಣ್ಣದ, ಸರಿಹೊಂದುವ ಆಕಾರದ ಮೂರು ರಟ್ಟುಗಳು, ನಡುವೆ ರಂಧ್ರ, ಹಲಗೆಯಲ್ಲಿ ತೂಗಹಾಕಲು ಮೊಳೆ. ಕೆಲವು ದಿನ ರಟ್ಟುಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ತೂಗುತ್ತಿದ್ದುವು. ಅನಂತರ ತೆಗೆದು ಕೊಟ್ಟಾಗ ವಿಕ್ಟರನು ಸುಲಭವಾಗಿ ಸ್ವಸ್ಥಾನದಲ್ಲಿ ಇಟ್ಟನು. ಇಟಾರನು ಕೂಡಲೆ ಹಲಗೆಯನ್ನು ತಲೆಕೆಳಗು ಮಾಡಿದನು. ಹುಡುಗನು ಆಗಲೂ ತಪ್ಪಲಿಲ್ಲ. ಸ್ಥಾನದ ಸಂಶಯ ಕಳೆಯಿತು. ಆದರೆ ಇನ್ನೊಂದು ಸಂಶಯ ಉಳಿದಿತ್ತು. ಕೆಂಪು ದುಂಡನ್ನು ಕೆಂಪು ದುಂಡಿನ ಮೇಲಿಟ್ಟವನು ದುಂಡನ್ನು ಗುರುತಿಸಿದನೋ ಕೆಂಪನ್ನು ಗುರುತಿಸಿದನೋ? ಆದುದರಿಂದ ಎರಡನೆಯ ಹಲಗೆಯಲ್ಲಿ ಆಕಾರಗಳು ಮೊದಲಿನವೇ, ಬಣ್ಣ ಮಾತ್ರ ಎಲ್ಲಕ್ಕೂ ಒಂದೇ. ಇಲ್ಲಿ ಆಕಾರವೊಂದೇ ದಾರಿ ತೋರಿಸಬೇಕು. ಮೂರನೆಯ ಹಲಗೆಯಲ್ಲಿ ಆಕಾರಗಳೆಲ್ಲ ಒಂದೇ, ಬಣ್ಣಗಳು ಬೇರೆ. ತರುವಾಯ ಭೇದಗಳನ್ನು ಸೂಕ್ಷ್ಮಗೊಳಿಸುತ್ತ ಹೋದನು: ಚೌಕದ ಪಕ್ಕದಲ್ಲಿ ನೀಳಚೌಕ, ಆಕಾಶನೀಲಿಯ ಪಕ್ಕದಲ್ಲಿ ಬೂದುನೀಲಿ.

ಈ ಪುಟಗಳಲ್ಲಿ ಇಟಾರನ ಗದ್ಯಕ್ಕೆ ಒಂದು ವಿಶಿಷ್ಟವಾದ ನಡೆಯಿದೆ. ಮೊದಲು ಫಲ, ಫಲವಾದೊಡನೆ ಸಂಶಯ, ಸಂಶಯವಾದೊಡನೆ ಅದನ್ನು ನಿವಾರಿಸತಕ್ಕ ಒಂದು ಬದಲಾವಣೆ, ಆಮೇಲೆ ಮತ್ತೆ ಫಲ. ಎಲ್ಲಿಯೂ ವಿಜಯಘೋಷವಿಲ್ಲ. ‘ಗುರುತಿಸಿದನು’ ಎಂಬ ಪದವನ್ನು ಅವನು ಮುಂದಕ್ಕೆ ಮುಂದಕ್ಕೆ ತಳ್ಳುತ್ತಲೇ ಇದ್ದಾನೆ. ಓದುವವನಿಗೆ ಹುಡುಗನ ಪ್ರಗತಿಗಿಂತ ಉಪಾಧ್ಯಾಯನ ಎಚ್ಚರವೇ ಹೆಚ್ಚು ಕುತೂಹಲವನ್ನು ಹುಟ್ಟಿಸುವುದು.

೪

ಈ ಎಚ್ಚರಕ್ಕೆ ಅತ್ಯುತ್ತಮವಾದ ನಿದರ್ಶನವು ಅಕ್ಷರಗಳ ಪ್ರಸಂಗ. ಆಕೃತಿಗಳಿಂದ ಅಕ್ಷರಗಳಿಗೆ ಹೋಗುವುದೇ ಇಟಾರನ ಗುರಿಯಾಗಿತ್ತು. ಅಕ್ಷರವೂ ಒಂದು ಆಕೃತಿಯಷ್ಟೆ. ಇಪ್ಪತ್ತನಾಲ್ಕು ಮನೆಗಳುಳ್ಳ ಹಲಗೆಯನ್ನೂ ಅವಕ್ಕೆ ಹೊಂದುವ ಇಪ್ಪತ್ತನಾಲ್ಕು ಲೋಹದ ಅಕ್ಷರಗಳನ್ನೂ ಮಾಡಿಸಿದನು. ವಿಕ್ಟರನು ಅಕ್ಷರಗಳನ್ನು ತೆಗೆದು ಮತ್ತೆ ಇಡುವುದರಲ್ಲಿ ಶೀಘ್ರವಾಗಿ ನಿಪುಣನಾದನು. ಇಟಾರನು ಸೂಕ್ಷ್ಮವಾಗಿ ನೋಡಿದಾಗ ನೈಪುಣ್ಯದ ಗುಟ್ಟು ತಿಳಿಯಿತು. ತೆಗೆಯುವಾಗಲೇ ಹುಡುಗನು ಅಕ್ಷರಗಳನ್ನು ಕೈಯಲ್ಲಿ ಒಂದರ ಮೇಲೊಂದು ಕ್ರಮವಾಗಿ ಪೇರಿಸುತ್ತಿದ್ದನು. ಕಟ್ಟಕಡೆಯ ಅಕ್ಷರ ಮೇಲೆ ಬರುತ್ತಿತ್ತು. ಇಡುವಾಗ ಕೊನೆಯಿಂದ ಮೊದಲಿಗೆ ಬಂದರೆ ಸಾಕು, ಒಂದು ಅಕ್ಷರವನ್ನೂ ನೋಡಬೇಕಾಗಿರಲಿಲ್ಲ. ಪೇರಿಕೆ ಜಾರಿಬಿದ್ದು ಕಲಸಿಹೋದಾಗ ಅವನು ಉಪಾಯವನ್ನು ತಿದ್ದಿಕೊಂಡನು. ಆರಾರು ಅಕ್ಷರಗಳ ನಾಲ್ಕು ಸಾಲುಗಳಿದ್ದುವು. ಒಂದೊಂದು ಸಾಲನ್ನೇ ಬೇರೆಬೇರೆಯಾಗಿ ಎತ್ತಿ ಹಾಗೆಯೇ ಮರಳಿ ಇಡತೊಡಗಿದನು.

ಇದನ್ನು ಇಟಾರನು ವಂಚನೆಯೆಂದು ಬಯ್ಯುವುದಿಲ್ಲ. ಶ್ರಮವನ್ನು ಕಡಮೆ ಮಾಡಿಕೊಳ್ಳುವ ಈ ಕೌಶಲವೂ ಬುದ್ಧಿಯ ಲಕ್ಷಣವೇ ಎಂದು ಮೆಚ್ಚಿ, ಆ ದಾರಿ ನಡೆಯದಂತೆ ಅಕ್ಷರಗಳ ಅನುಕ್ರಮವನ್ನು ಕೆಡಿಸುತ್ತಾನೆ. ಉಪಾಧ್ಯಾಯರಾದ ಓದುಗರು ಈ ಭಾಗವನ್ನು ನಗುತ್ತ ಓದದಿರಲಾರರು. ಪಾಠಪುಸ್ತಕವನ್ನು ತೆರೆಯದೆಯೇ ಇಡೀ ಪದ್ಯವನ್ನು ಒಪ್ಪಿಸಿ, ನಡುವಣ ಒಂದು ಪದವನ್ನು ತೋರಿಸಿ ಓದು ಎಂದರೆ ಮೊದಲಿಂದ ಹೇಳಿಕೊಂಡು ಬರುವ ಹುಡುಗರು ಎಲ್ಲ ಊರುಗಳ ಶಾಲೆಗಳಲ್ಲಿಯೂ ಇದ್ದಾರೆ. ಕೇಳಿದುದಕ್ಕೆ ಉತ್ತರ ಸರಿಯಾಗಿದೆ; ಕೇಳಬೇಕೆಂದಿದ್ದುದಕ್ಕೆ ಉತ್ತರ ಸಿಕ್ಕಲೇ ಇಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಇರುವ ಈ ಸಂದನ್ನು ಇಷ್ಟು ನಿಷ್ಪಕ್ಷಪಾತವಾಗಿ, ಹುಡುಗನ ಬುದ್ಧಿಗೆ ಇಷ್ಟು ಗೌರವವಿಟ್ಟು ತೋರಿಸಿದ ಬರೆವಣಿಗೆ ವಿರಳ.

೫

ಇಷ್ಟು ಎಚ್ಚರವುಳ್ಳವನೇ ಎಚ್ಚರ ತಪ್ಪಿದ ಸ್ಥಳವೂ ಇದೇ ಪ್ರಕರಣದಲ್ಲಿದೆ. ಹಲಗೆಗಳ ಭೇದಗಳು ಸೂಕ್ಷ್ಮವಾಗುತ್ತ ಬಂದಂತೆ ವಿಕ್ಟರನ ಉತ್ತರಗಳು ತಪ್ಪತೊಡಗಿದುವು. ಅವನು ರಟ್ಟುಗಳನ್ನು ನೆಲಕ್ಕೆ ಎಸೆದು, ಸಿಟ್ಟಿನಿಂದ ಹಾಸಿಗೆಯ ಕಡೆಗೆ ನಡೆಯುವನು. ಇಟಾರನು ಬಿಡದೆ ಮತ್ತೆ ಮುಂದಿಡುವನು. ಸಿಟ್ಟು ರೋಷವಾಯಿತು; ಹೊದಿಕೆಗಳನ್ನು ಕಚ್ಚುವುದು, ಒಲೆಯ ಕೆಂಡವನ್ನು ಚೆಲ್ಲುವುದು, ಕಡೆಗೆ ಅಪಸ್ಮಾರದಂತೆ ಮೈ ಸೆಟೆದು ಬೀಳುವುದು. ಸ್ವಲ್ಪ ಕಾಲ ಇಟಾರನು ಇಳಿದುಬಂದು ನೋಡಿದನು. ರೋಷದ ಪ್ರಸಂಗಗಳು ಹೆಚ್ಚಿದುವೇ ಹೊರತು ಕಡಮೆಯಾಗಲಿಲ್ಲ. ಹುಡುಗನಿಗೆ ಎತ್ತರವೆಂದರೆ ಭಯವೆಂಬುದು ಅವನಿಗೆ ಗೊತ್ತಿತ್ತು. ಒಂದು ದಿನ ರೋಷವು ತಲೆದೋರುತ್ತಿದ್ದಂತೆಯೇ ಅವನನ್ನು ಬಲವಾಗಿ ಹಿಡಿದೆತ್ತಿ, ಬಹಳ ಎತ್ತರದ ಅಂತಸ್ತಿನ ಕಿಟಕಿಯಿಂದ ಹೊರಕ್ಕೆ, ತಲೆ ಕೆಳಗಾಗುವಂತೆ ಒಡ್ಡಿದನು. ಕೆಲವು ಕ್ಷಣಗಳ ಮೇಲೆ ಒಳಕ್ಕೆ ತಂದಾಗ ಹುಡುಗನು ವಿವರ್ಣನಾಗಿ, ತಣ್ಣನೆಯ ಬೆವರಿನಿಂದ ತೊಯ್ದಿದ್ದನು. ಚೆದುರಿದ ರಟ್ಟುಗಳನ್ನು ಆಯಿಸಿ, ಒಂದೊಂದನ್ನೂ ಹಲಗೆಯ ಮೇಲೆ ಇಡಿಸಿದ್ದಾಯಿತು. ಅನಂತರ ವಿಕ್ಟರನು ಹಾಸಿಗೆಯ ಮೇಲೆ ಬಿದ್ದು ಬಹಳವಾಗಿ ಅತ್ತನು. ಅವನು ಕಣ್ಣೀರು ಸುರಿಸಿದುದನ್ನು ಇಟಾರನು ಕಂಡದ್ದು ಅದೇ ಮೊದಲು.

ಈ ಭಾಗದ ಗದ್ಯವು ಹಿಂದಿನ ಭಾಗದ ಗದ್ಯಕ್ಕಿಂತ ಬೇರೆಯದು. ಅಲ್ಲಿ ಸಂಶಯವಿದ್ದ ಎಡೆಯಲ್ಲಿ ಇಲ್ಲಿ ನಿಶ್ಚಯವಿದೆ. ಬದಲಾವಣೆಯಿದ್ದ ಎಡೆಯಲ್ಲಿ ಬಲವಿದೆ. ಸರಿಯುತ್ತರ ಬಂದಾಗಲೆಲ್ಲ ‘ಇವನು ಯಾವ ಗುರುತನ್ನು ಹಿಡಿದು ಈ ಉತ್ತರಕ್ಕೆ ಬಂದನು’ ಎಂದು ಕೇಳಿಕೊಂಡವನು ರೋಷ ಬಂದಾಗ ಆ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ರೋಷವನ್ನು ರೋಗವೆಂದೂ ಅನಂತರ ಹಟವೆಂದೂ ತಿಳಿದು ಅದಕ್ಕೆ ಮದ್ದು ಹುಡುಕಿದನು. ಆದರೆ ಅವನೇ ಬರೆದ ಅನುಕ್ರಮವು ಬೇರೆ ಅರ್ಥವನ್ನು ಹೇಳುತ್ತಿದೆ: ದುಂಡು, ತ್ರಿಕೋಣ, ಚೌಕಗಳಿದ್ದಾಗ ರೋಷವಿರಲಿಲ್ಲ, ಚೌಕಕ್ಕೂ ನೀಳಚೌಕಕ್ಕೂ, ನೀಲಿಗೂ ಬೂದುನೀಲಿಗೂ ಬಂದಾಗ ರೋಷ ಬಂದಿತು. ಮೆಟ್ಟಿಲಿನ ಎತ್ತರ ಹೆಚ್ಚಾಯಿತೆಂಬ ವಾರ್ತೆಯನ್ನು ಮಾತಿಲ್ಲದವನು ಬೇರೆ ಯಾವ ವಿಧದಲ್ಲಿ ತಿಳಿಸಬಹುದಾಗಿತ್ತು? ಲೇಖಕನು ಕಾಣದ ಅರ್ಥವನ್ನು ಅವನ ಪ್ರಾಮಾಣಿಕವಾದ ನಿರೂಪಣೆಯೇ ಕಾಣಿಸಿಕೊಡುತ್ತದೆ. ಕ್ರೌರ್ಯವನ್ನು ಮುಚ್ಚಿಡದೆ, ಸಂಗತಿಗಳ ಕ್ರಮವನ್ನು ಕೆಡಿಸದೆ ಬರೆದಿರುವುದರಿಂದ ಎರಡು ಶತಮಾನಗಳ ಮೇಲೆಯೂ ಅವನ ತೀರ್ಮಾನಕ್ಕೆ ವಿರುದ್ಧವಾದ ತೀರ್ಮಾನವನ್ನು ಅವನ ಪುಟದಿಂದಲೇ ತೆಗೆಯಬಹುದಾಗಿದೆ.

೬

ಎರಡನೆಯ ವರದಿಯು ಸರಕಾರದ ಮಂತ್ರಿಗೆ ಒಪ್ಪಿಸಿದುದು. ಇಂದ್ರಿಯಗಳು, ಬುದ್ಧಿವ್ಯಾಪಾರಗಳು, ಭಾವಗಳು ಎಂದು ಮೂರು ಭಾಗಗಳಾಗಿ ಅದು ವಿಂಗಡವಾಗಿದೆ. ಮೊದಲಿನ ಉತ್ಸಾಹವಿಲ್ಲ, ಮಾತು ಕಲಿಸುವ ಯತ್ನವು ವಿಫಲವಾಯಿತೆಂದು ಒಪ್ಪಿಕೊಂಡಿದೆ. ಆಕೃತಿಗಳು ಇಲ್ಲಿ ಎರಡು ಕಡೆ ಮತ್ತೆ ಬರುತ್ತವೆ. ಸ್ಪರ್ಶದ ಪ್ರಕರಣದಲ್ಲಿ ವಿಕ್ಟರನು ಲೋಹದ ಅಕ್ಷರಗಳನ್ನು ನೋಡದೆ ಕೈಯಿಂದಲೇ ಮುಟ್ಟಿ, ಒಂದನ್ನೊಂದು ಬಹಳವಾಗಿ ಹೋಲುವ ಜೊತೆಗಳನ್ನು ಸಹ ಬೇರ್ಪಡಿಸುತ್ತಾನೆ. ಕನ್ನಡದ ಎಳೆಯ ಮಕ್ಕಳು ಪಕಾರ ವಕಾರಗಳಲ್ಲಿ, ಪಕಾರ ಷಕಾರಗಳಲ್ಲಿ ಎಡವುವುದನ್ನು ಬಲ್ಲವರಿಗೆ ಇದು ಸಾಮಾನ್ಯ ಸಾಧನೆಯಲ್ಲವೆಂದು ತಿಳಿಯುವುದು. ಭೇದವನ್ನು ಹಿಡಿಯುವುದರಲ್ಲಿ ವಿಕ್ಟರನು ಅಷ್ಟು ಗಟ್ಟಿಗನಾಗಿದ್ದನು.

ಆ ಗಟ್ಟಿತನವೇ ಮುಂದೆ ಅಡ್ಡವಾಯಿತು. ಬರೆದ ಹೆಸರನ್ನು ತೋರಿಸಿದರೆ ಪಕ್ಕದ ಕೋಣೆಯಿಂದ ಆ ವಸ್ತುವನ್ನು ತರುವ ಅಭ್ಯಾಸವು ಚೆನ್ನಾಗಿ ನಡೆಯುತ್ತಿತ್ತು. ಒಂದು ದಿನ ಇಟಾರನು ಆ ಕೋಣೆಗೆ ಬೀಗ ಹಾಕಿ, ‘ಪುಸ್ತಕ’ ಎಂಬ ಶಬ್ದವನ್ನು ತೋರಿಸಿದನು. ಎದುರಿಗೇ ಪುಸ್ತಕಗಳಿದ್ದುವು. ವಿಕ್ಟರನು ಅವುಗಳಲ್ಲಿ ಯಾವುದನ್ನೂ ಮುಟ್ಟಲಿಲ್ಲ. ಅವನ ಪಾಲಿಗೆ ಆ ಶಬ್ದವು ಬೀಗದ ಒಳಗಿದ್ದ ಆ ಒಂದು ಪುಸ್ತಕದ ಹೆಸರು. ಇಟಾರನು ಹತಾಶನಾಗಿ, ತನ್ನ ಶ್ರಮವೆಲ್ಲ ನೀರುಪಾಲಾಯಿತೆಂದು ಹುಡುಗನನ್ನು ನಿಷ್ಠುರವಾಗಿ ಬಯ್ದನು, ಹುಡುಗನು ಅತ್ತನು. ಕಿಟಕಿಯ ಪ್ರಸಂಗದ ಛಾಯೆ ಇಲ್ಲಿಯೂ ಇದೆ. ಆದರೆ ಈ ಸಲ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಇಟಾರನು ಪುನರಾಲೋಚಿಸಿ, ತಪ್ಪು ಹುಡುಗನದಲ್ಲ, ತಾನು ಕೊಟ್ಟ ಶಿಕ್ಷಣದ್ದು ಎಂಬ ನಿರ್ಣಯಕ್ಕೆ ಬರುತ್ತಾನೆ. ವರ್ಷಗಟ್ಟಲೆ ಕೂದಲೆಳೆಯ ಭೇದವನ್ನೂ ಕಾಣುವಂತೆ ಕಲಿಸಿದವನು ತಾನೇ. ಹಾಗೆ ಕಲಿತ ಕಣ್ಣಿಗೆ ಈ ಪುಸ್ತಕವೂ ಆ ಪುಸ್ತಕವೂ ಒಂದೇ ಎಂದು ತೋರುವುದು ಹೇಗೆ? ಗಾತ್ರ ಬೇರೆ, ಬಣ್ಣ ಬೇರೆ, ಅಂಚು ಬೇರೆ.

ಇದು ಎರಡು ವರದಿಗಳಲ್ಲಿಯೂ ಅತ್ಯಂತ ಆಳವಾದ ಸ್ಥಳ. ಆಕೃತಿಯನ್ನು ಗುರುತಿಸುವುದೆಂದರೆ ಭೇದವನ್ನು ಹಿಡಿಯುವುದು ಮಾತ್ರವಲ್ಲ, ಭೇದವನ್ನು ಬಿಡುವುದೂ ಅಹುದು. ದುಂಡು ಎಂಬುದನ್ನು ತಿಳಿದವನು ಚೌಕದಿಂದ ಅದನ್ನು ಬೇರ್ಪಡಿಸಬಲ್ಲನು. ಜೊತೆಗೆ ದೊಡ್ಡ ಕೆಂಪು ದುಂಡು, ಚಿಕ್ಕ ಕಪ್ಪು ದುಂಡು, ಬಳೆ, ಬಂಡಿಯ ಗಾಲಿ ಇವುಗಳ ನಡುವಣ ಅಂತರವನ್ನೆಲ್ಲ ಮರೆಯಲೂ ಬಲ್ಲನು. ಇಟಾರನ ಹಲಗೆಗಳು ಮೊದಲನೆಯ ಶಕ್ತಿಯನ್ನು ಮಾತ್ರ ಬೆಳೆಸಿದುವು. ಭಾರತೀಯ ಪಂಡಿತರಿಗೆ ಈ ತೊಡಕು ಹೊಸದಲ್ಲ. ಪದದ ಅರ್ಥವು ಯಾವುದು ಎಂಬ ವಿಚಾರದಲ್ಲಿ ನ್ಯಾಯಸೂತ್ರಕಾರನು ವ್ಯಕ್ತಿ, ಆಕೃತಿ, ಜಾತಿ ಈ ಮೂರನ್ನೂ ಕೂಡಿಸಿಯೇ ಪದಾರ್ಥವೆಂದು ಸಿದ್ಧಾಂತ ಮಾಡುತ್ತಾನೆ. ಆಕೃತಿಯು ಜಾತಿಯನ್ನು ತಿಳಿಸುವ ಗುರುತೆಂದು ಅಲ್ಲಿ ಲಕ್ಷಣ ಹೇಳಿದೆ. ಈ ಪರಿಭಾಷೆಯಲ್ಲಿ ಹೇಳುವುದಾದರೆ ವಿಕ್ಟರನು ವ್ಯಕ್ತಿಯನ್ನು ಬಲ್ಲವನಾಗಿದ್ದನು, ಆಕೃತಿಯನ್ನೂ ಬಲ್ಲವನಾಗಿದ್ದನು. ಆಕೃತಿಯಿಂದ ಜಾತಿಗೆ ದಾಟಿರಲಿಲ್ಲ.

ದಾಟಿಸುವ ಯತ್ನದಲ್ಲಿ ಇಟಾರನು ಸಾದೃಶ್ಯವನ್ನು ತೋರಿಸತೊಡಗಿದಾಗ ಹುಡುಗನು ಇನ್ನೊಂದು ಅತಿರೇಕಕ್ಕೆ ಹೋದನು: ಕಾಗದದ ಕಟ್ಟೂ ಪುಸ್ತಕ, ವೃತ್ತಪತ್ರಿಕೆಯೂ ಪುಸ್ತಕ; ಕ್ಷೌರದ ಕತ್ತಿಯೂ ಚಾಕು. ಎಡವಿದುದೆಂದು ಕಾಣುವ ಇದು ನಿಜವಾಗಿ ಮುಂದಕ್ಕಿಟ್ಟ ಹೆಜ್ಜೆ. ಇಟಾರನಿಗೆ ಈಗ ಅದನ್ನು ಹಾಗೆಂದು ಕಾಣುವ ಕಣ್ಣು ಬಂದಿತ್ತು. ಇಲ್ಲಿ ಅವನು ಸಿಟ್ಟಾಗುವುದಿಲ್ಲ.

೭

ಇಟಾರನ ಹಲಗೆಗಳ ಮುಂದಿನ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ, ಅವನು ಕಂಡ ತೊಡಕುಗಳನ್ನು ಒಂದೊಂದು ಪಂಥವು ಒಂದೊಂದಾಗಿ ಬಿಡಿಸಿದುದು ಗೊತ್ತಾಗುವುದು. ಅವನ ಕೊನೆಗಾಲದಲ್ಲಿ ಅವನಿಂದ ಮಾರ್ಗದರ್ಶನ ಪಡೆದ ಸೆಗ್ಯಾನನು (೧೮೧೨–೧೮೮೦) ಆಕೃತಿಗಳನ್ನು ಕೊರೆದ ಮರದ ಹಲಗೆಯನ್ನು ಬಳಕೆಗೆ ತಂದನು. ಮರಿಯಾ ಮಾಂಟೆಸೊರಿಯು ಇಬ್ಬರ ಗ್ರಂಥಗಳನ್ನೂ ಇಟಾಲಿಯನ್ ಭಾಷೆಗೆ ತಿರುಗಿಸಿ ಕೈಯಾರೆ ಬರೆದುಕೊಂಡು, ೧೯೦೭ರಲ್ಲಿ ರೋಮಿನಲ್ಲಿ ತೆರೆದ ಶಿಶುಗೃಹದಲ್ಲಿ ಅವನ್ನು ಪ್ರಯೋಗಿಸಿದಳು. ಅವಳ ಉಪಕರಣದಲ್ಲಿ ತಪ್ಪಾದ ತುಂಡು ಕುಳಿಯಲ್ಲಿ ಕೂರುವುದೇ ಇಲ್ಲ. ಗದರಿಸಲು ಉಪಾಧ್ಯಾಯನು ಬೇಕಿಲ್ಲ, ಮರವೇ ತಿದ್ದುವುದು. ಒಂದೇ ದುಂಡಲ್ಲ, ಗಾತ್ರ ಇಳಿಯುತ್ತ ಹೋಗುವ ಆರು ದುಂಡುಗಳಿವೆ. ತುಂಬಿದ ಆಕೃತಿ, ದಪ್ಪ ಗೆರೆಯ ಆಕೃತಿ, ತೆಳು ಗೆರೆಯ ಆಕೃತಿ ಎಂದು ಮೂರು ಬಗೆಯ ಪಟಗಳಿವೆ. ಮಗುವು ಮರದ ತುಂಡನ್ನು ಕ್ರಮವಾಗಿ ಈ ಮೂರಕ್ಕೂ ಹೊಂದಿಸುತ್ತ ವಸ್ತುವಿನಿಂದ ರೇಖೆಗೆ ಏರುತ್ತದೆ. ಇಟಾರನು ಹೊರಳಿನಲ್ಲಿ ಕಂಡುಕೊಂಡುದನ್ನು ಮಾಂಟೆಸೊರಿಯು ಮೊದಲೇ ಉಪಕರಣದಲ್ಲಿ ಅಡಗಿಸಿಟ್ಟಳು. ೧೯೩೯ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಆಕೆ ಭಾರತದಲ್ಲಿ ಹಲವು ವರ್ಷ ಉಪಾಧ್ಯಾಯರನ್ನು ತರಬೇತುಗೊಳಿಸಿದುದರಿಂದ ಈ ಮರದ ಆಕೃತಿಗಳು ನಮ್ಮ ದೇಶದ ಶಿಶುವಿಹಾರಗಳಿಗೂ ಪರಿಚಿತವಾದುವು.

ವರ್ತನವಾದಿಗಳು ಹಿಡಿದುದು ಮತ್ತೊಂದು ಎಳೆಯನ್ನು. ೧೯೬೩ರಲ್ಲಿ ಟೆರೆಸನು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಭೇದವನ್ನು ಅತಿ ಮೆಲ್ಲನೆ ಮುಂದಿಟ್ಟರೆ ಪ್ರಾಣಿಯು ತಪ್ಪುಮಾಡದೆಯೇ ಕಲಿಯುವುದೆಂದೂ, ಹಾಗೆ ಕಲಿತಾಗ ತಪ್ಪಿನ ಜೊತೆಯಲ್ಲಿ ಸಾಮಾನ್ಯವಾಗಿ ಕಾಣುವ ಉದ್ವೇಗವು ಕಾಣುವುದಿಲ್ಲವೆಂದೂ ತೋರಿಬಂದಿತು. ೧೯೬೭ರಲ್ಲಿ ಸಿಡ್ಮನ್, ಸ್ಟಾಡರ್ಡ್ ಎಂಬಿಬ್ಬರು ಬುದ್ಧಿಮಾಂದ್ಯವುಳ್ಳ ಮಕ್ಕಳಿಗೆ ದುಂಡಿಗೂ ಅಂಡಾಕಾರಕ್ಕೂ ಇರುವ ಭೇದವನ್ನು ಕಲಿಸಿದರು. ಮೊದಲು ಬೆಳಕಿನ ಸುಳುಹು. ಆ ಸುಳುಹು ಕ್ರಮೇಣ ಮಾಸುತ್ತ ಹೋಗಿ ಕಡೆಗೆ ಆಕಾರವೊಂದೇ ಉಳಿಯುವುದು. ಹೀಗೆ ಕಲಿತವರಲ್ಲಿ ಬಹುಮಂದಿ ಗೆದ್ದರು. ಬರಿಯ ಬಹುಮಾನದ ಆಸರೆಯಿಂದ ಕಲಿಯಲು ಬಿಟ್ಟವರಲ್ಲಿ ಬಹುಮಂದಿ ಸೋತರು. ಚೌಕದಿಂದ ನೀಳಚೌಕಕ್ಕೆ ಬಂದಾಗ ವಿಕ್ಟರನಿಗೆ ಬಂದ ರೋಷವು ಯಾವ ವಾರ್ತೆಯನ್ನು ಹೇಳುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕಿಲ್ಲ. ಹಾಗೆಯೇ ೧೯೭೧ರಲ್ಲಿ ಲೋವಾಸನೂ ಅವನ ಸಹೋದ್ಯೋಗಿಗಳೂ, ಬೆಳಕು, ಶಬ್ದ, ಸ್ಪರ್ಶಗಳು ಒಟ್ಟಾಗಿ ಬಂದಾಗ ಆಟಿಸಂ ಉಳ್ಳ ಮಕ್ಕಳು ಅನೇಕವೇಳೆ ಅವುಗಳಲ್ಲಿ ಒಂದನ್ನೇ ಹಿಡಿಯುವರೆಂದು ತೋರಿಸಿದರು. ಇದು ಕೆಂಪು ದುಂಡಿನ ಮೇಲಣ ಇಟಾರನ ಸಂಶಯವೇ. ಕಲಿತದ್ದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತಾನಾಗಿ ಹೋಗುವುದಿಲ್ಲ, ಅದನ್ನೂ ಕಲಿಸಬೇಕು ಎಂದು ಸ್ಟೋಕ್ಸ್ ಮತ್ತು ಬೇಯರ್ ೧೯೭೭ರಲ್ಲಿ ಪ್ರತಿಪಾದಿಸಿದರು. ಇದು ಬೀಗ ಹಾಕಿದ ಕೋಣೆಯ ಪಾಠ.

ಕಿಟಕಿಯ ಪಾಠವನ್ನು ಮಾತ್ರ ಈ ಪಂಥವು ತಡವಾಗಿ ಕಲಿಯಿತು. ೧೯೬೦ರ ದಶಕದಲ್ಲಿ ಲೋವಾಸನ ಪ್ರಯೋಗಗಳಲ್ಲಿ ಏಟು, ವಿದ್ಯುದಾಘಾತಗಳು ಸಹ ಉಪಯೋಗವಾಗಿದ್ದುವು. ತರುವಾಯ ಅವನ್ನು ಆ ಪಂಥದವರಲ್ಲಿಯೇ ಅನೇಕರು ತೊರೆದರು. ಚಿಕಿತ್ಸೆಗೆ ಒಳಗಾಗಿ ಬೆಳೆದು ದೊಡ್ಡವರಾದವರು ತಮ್ಮ ಬಾಯಿಂದಲೇ ಅದನ್ನು ಖಂಡಿಸಿದರು. ವಿಕ್ಟರನಿಗೆ ಇಲ್ಲದಿದ್ದ ಮಾತು ಅವರಿಗಿತ್ತು.

೮

ಎರಡು ವರದಿಗಳನ್ನು ತೂಗಿ ನೋಡಿದರೆ ಕಥನದ ಕಾವು ಮೊದಲನೆಯದರಲ್ಲಿ ಹೆಚ್ಚು; ವಿವೇಕದ ಪಾಕ ಎರಡನೆಯದರಲ್ಲಿ ಹೆಚ್ಚು. ಮೊದಲನೆಯದು ಆಶೆಯಿಂದ ಬರೆದದ್ದು, ಅದರ ಉತ್ತಮವಾದ ಪುಟಗಳು ಸಂಶಯದವು. ಎರಡನೆಯದು ಸೋಲಿನಿಂ‌ದ ಬರೆದದ್ದು, ಅದರ ಉತ್ತಮವಾದ ಪುಟವು ತನ್ನ ತಪ್ಪನ್ನು ತಾನೇ ಕಂಡುಕೊಂಡದ್ದು. ಶೈಲಿಯ ಸೊಗಸಿಗಾಗಿ ಮೊದಲನೆಯದನ್ನೇ ಮೆಚ್ಚುವ ರೂಢಿಯುಂಟಾಗಬಹುದು. ಆದರೆ ಬೀಗದ ಕೋಣೆಯ ಪ್ರಸಂಗವಿಲ್ಲದಿದ್ದರೆ ಹಲಗೆಗಳ ಪ್ರಸಂಗದ ಅರ್ಥವು ಅರ್ಧವಾಗಿಯೇ ಉಳಿಯುತ್ತಿತ್ತು; ಆದಕಾರಣ ಎರಡನ್ನೂ ಒಂದೇ ಕೃತಿಯ ಪೂರ್ವೋತ್ತರಭಾಗಗಳೆಂದು ಓದುವುದು ಯುಕ್ತ. ಹಾಗೆ ಓದಿದಾಗ ಕಿಟಕಿಯ ಪ್ರಸಂಗವು ಕ್ಷಮಿಸತಕ್ಕದ್ದಾಗುವುದಿಲ್ಲ. ಅದು ಎಂತಹ ಎಚ್ಚರದ ನಡುವೆ ಸಂಭವಿಸಿತೆಂಬುದು ಮಾತ್ರ ತಿಳಿಯುವುದು. ಸರಿಯುತ್ತರವನ್ನು ಪರೀಕ್ಷಿಸುವ ಬುದ್ಧಿ ಇದ್ದವನಲ್ಲಿ ತಪ್ಪುತ್ತರವನ್ನು ಕೇಳಿಸಿಕೊಳ್ಳುವ ತಾಳ್ಮೆಯೂ ಇರುವುದೆಂದು ಹೇಳುವಂತಿಲ್ಲ. ಎರಡನ್ನೂ ಬೇರೆಬೇರೆಯಾಗಿ ಸಂಪಾದಿಸಬೇಕು.

ಕನ್ನಡದಲ್ಲಿ ‘ತಿದ್ದು’ ಎಂಬ ಧಾತುವಿಗೆ ಎರಡು ಅರ್ಥಗಳಿವೆ. ಮಗುವು ಮರಳಿನ ಮೇಲೆ, ಹಲಗೆಯ ಮೇಲೆ, ಬರೆದುಕೊಟ್ಟ ಅಕ್ಷರದ ಗೆರೆಯನ್ನೇ ಹಿಡಿದು ಮತ್ತೆ ಮತ್ತೆ ಬೆರಳಾಡಿಸುವುದು ತಿದ್ದುವುದು. ತಪ್ಪನ್ನು ಸರಿಪಡಿಸುವುದೂ ತಿದ್ದುವುದು. ಮೊದಲನೆಯದನ್ನು ಮಾಡುವವನು ಶಿಷ್ಯನೆಂದೂ ಎರಡನೆಯದನ್ನು ಮಾಡುವವನು ಗುರುವೆಂದೂ ಸಾಮಾನ್ಯವಾದ ಭಾವನೆ. ಇಟಾರನ ವರದಿಗಳಲ್ಲಿ ಈ ಹಂಚಿಕೆ ನಿಲ್ಲುವುದಿಲ್ಲ. ಹುಡುಗನು ಅಕ್ಷರಗಳನ್ನು ಪೇರಿಸಿದಾಗ, ರಟ್ಟನ್ನು ಎಸೆದಾಗ, ಎದುರಿಗಿದ್ದ ಪುಸ್ತಕವನ್ನು ಮುಟ್ಟದೆ ಬರಿಗೈಯಲ್ಲಿ ನಿಂತಾಗ, ತಿದ್ದಬೇಕಾದದ್ದು ಪಾಠವನ್ನು. ಮೂರು ಸಲದಲ್ಲಿ ಎರಡು ಸಲ ಇಟಾರನು ಅದನ್ನು ತಿದ್ದಿದನು. ಒಂದು ಸಲ ಹುಡುಗನನ್ನು ಕಿಟಕಿಯಿಂದ ಹೊರಕ್ಕೆ ಒಡ್ಡಿದನು. ಮೂರನ್ನೂ ಮರೆಮಾಚದೆ ಬರೆದಿಟ್ಟನು. ಆಕೃತಿಗಳನ್ನು ಕಲಿಸುವವರಿಗೂ ಕಲಿಸಿದುದನ್ನು ಬರೆಯುವವರಿಗೂ ಈ ವರದಿಗಳು ಉಪಯುಕ್ತವಾಗಿರುವುದು ಈ ಕಾರಣದಿಂದ.